ಗೂಡು ಬಿಡಿಸಿದ ಮೇಲೆ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸತ್ತೇಗಾಲದ ಬಸ್ಸಿಗೆ ಕಾಯುತ್ತಿದ್ದೆ, ಯಾರದೋ ಗೃಹಪ್ರವೇಶದ ಊಟಕ್ಕೆ. ಮಾಂಬಳ್ಳಿ ಕಡೆಯ ಪರಿಚಯದ ರೈತರೊಬ್ಬರು ಎದುರಿಗೆ ಬಂದು, "ಸಾ, ಗೊತ್ತಾಯ್ತಾ? ನಿಮ್ಮ ಉಳದಮ್ಮ ಬೆಳಿಗ್ಗೆ ಓಗ್ಬುಟ್ರು" ಅಂದರು. ಊಟ ಬಿಟ್ಟು ಯಳಂದೂರಿನ ಬಸ್ಸು ಹತ್ತಿದೆ.

ಮಾಂಬಳ್ಳಿಯಿಂದ ಒಳಕ್ಕೆ ಇರುವ ಸಣ್ಣ ಊರು ಅದು. ನಾನು ರೇಷ್ಮೆ ಇಲಾಖೆಯಲ್ಲಿ ಹನೂರಿನಲ್ಲಿ ಕೆಲಸ ಶುರು ಮಾಡಿ ಯಳಂದೂರಿನಲ್ಲಿ ಮುಗಿಸಿದವನು. ಹುಳ ಸಾಕುವವರ ಮನೆಮನೆಗೆ ಹೋಗಿ ಸೊಪ್ಪು ನೋಡು, ಹುಳ ನೋಡು, ಸುಣ್ಣ ಹಾಕು ಅಂತ ಹೇಳುವುದೇ ಜೀವಮಾನದ ಉದ್ಯೋಗ. ಆ ಊರಿನಲ್ಲಿ ಬೇರೆಯವರು ಕೈಬಿಟ್ಟ ಮೇಲೂ ಹುಳ ಬಿಡದಿದ್ದವಳು ಈ ಆಯಮ್ಮ. ಹೆಸರು ಹೇಳುವುದಿಲ್ಲ, ಹೇಳಿದರೆ ಸತ್ತ ಮೇಲೂ ಬಂದು ಬೈದಾಳು. ನಾನು ತಲುಪುವ ಹೊತ್ತಿಗೆ ಆಯಮ್ಮನ ಮೈದುನನೇ ಎಲ್ಲದಕ್ಕೂ ಓಡಾಡುತ್ತಿದ್ದ. ಶಾಮಿಯಾನ ಕಟ್ಟಿಸಿದವನು ಅವನು, ಆಯಮ್ಮನ ಮಗಳಿಗೆ ಫೋನ್ ಮಾಡಿಸಿದವನು ಅವನು, ಗುಂಡಿ ತೋಡುವವರಿಗೆ ಟೀ ಕೊಡಿಸಿದವನೂ ಅವನೇ. ನನ್ನನ್ನು ನೋಡಿದವನು ತಲೆ ತಗ್ಗಿಸಿ ಆಚೆ ಹೋದ. ಅವನು ಯಾಕೆ ತಲೆ ತಗ್ಗಿಸಿದ ಅಂತ ಹೇಳಬೇಕಾದರೆ ಮೊದಲು ಆಯಮ್ಮನ ಬಾಯಿಯ ವಿಷಯ ಹೇಳಬೇಕು.

ಬಾಯಿ ಅಂದರೆ ಬಾಯಿ. ಬಾವಿಕಟ್ಟೆಯಲ್ಲಿ ಶುರು ಮಾಡಿದರೆ ಕೆರೆ ಏರಿಗೆ ಕೇಳಬೇಕು. ಬೈಗುಳದಲ್ಲಿ ಹೊಲಸು ಮಾತು ಕಡಿಮೆ, ವಿವರ ಜಾಸ್ತಿ. "ನಿನ್ ಮದ್ವೇಲಿ ಪಾಯ್ಸಕ್ಕೆ ಬೆಲ್ಲ ಸಾಲ್ದೆ ನಮ್ಮಟ್ಟಿ ಬಾಗ್ಲಿಗೆ ಬಂದು ನಿಂತಿದ್ದೋನು ನೀನಲ್ವಾ?" ಅಂತ ಆರಂಭಿಸಿದರೆ ಎದುರಿಗಿದ್ದವನ ಅಜ್ಜ ಯಾರ ಹೊಲದ ಬದು ಒತ್ತಿದ್ದ, ಅಜ್ಜಿ ಯಾರ ಮನೆಯ ಮೊರ ಹಿಂದಕ್ಕೆ ಕೊಡಲಿಲ್ಲ, ಎಲ್ಲ ಬರುತ್ತಿತ್ತು. ಬೈಸಿಕೊಂಡವರು ಕೊನೆಗೆ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು, "ಆಯ್ತು ಬುಡವ್ವ, ತಪ್ಪಾಯ್ತು" ಅಂದು ಹೋಗುತ್ತಿದ್ದರು. ಬೈದು ಮುಗಿದ ಅರ್ಧ ಗಂಟೆಗೆ ಆಯಮ್ಮ ಅದೇ ಮನೆಗೆ ಸಾರು ಕಳಿಸಿದ್ದೂ ಉಂಟು. ಹಾಗಾಗಿ ಊರಿನಲ್ಲಿ ಆಯಮ್ಮನಿಂದ ಬೈಸಿಕೊಳ್ಳುವುದು ಅಂದರೆ ವ್ಯವಹಾರ ಚುಕ್ತಾ ಆದ ಹಾಗೆ.

ಇಂಥ ಬಾಯಿ ಮನೆಗೆ ಹುಳ ಬಂದ ದಿನದಿಂದ ಮುಚ್ಚುತ್ತಿತ್ತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ನಾಲ್ಕು ಜ್ವರ ಕಳೆದು, ಮೈ ಹಳದಿಗೆ ತಿರುಗಿ ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟಿ, ಆ ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುವ ತನಕ ಆಯಮ್ಮನ ಮನೆಯಲ್ಲಿ ಜಗಳ ನಿಷೇಧ. ಹುಳದ ಮನೆಗೆ ಹೂವು ಮುಡಿದು ಬರಬಾರದು, ಒಗ್ಗರಣೆ ಘಾಟು ಬರಬಾರದು ಅಂತ ಎಲ್ಲರೂ ಹೇಳುತ್ತಾರೆ. ಜೋರು ಮಾತು ಬರಬಾರದು ಅಂದವಳನ್ನು ನಾನು ಕಂಡಿದ್ದು ಅಲ್ಲೇ. ಬೈಗುಳ ಕೇಳಿದರೆ ಹುಳ ಸೊಪ್ಪು ಬಿಡುತ್ತದಂತೆ.

"ಹುಳಕ್ಕೆ ಕಿವಿ ಇಲ್ಲಮ್ಮ" ಅಂತ ನಾನು ಒಂದು ಸಲ ಹೇಳಿದೆ.

"ಕಿವಿ ಇಲ್ದೇ ಓದ್ರೆ ಏನ್ ಸಾ, ಮನ್ಸಿಲ್ವಾ?" ಅಂದಳು.

ಇಲಾಖೆಯ ಯಾವ ತರಬೇತಿಯಲ್ಲೂ ಈ ವಿಷಯ ಬಂದಿರಲಿಲ್ಲ. ಆಯಮ್ಮ ಹೇಳಿದ್ದು ತಪ್ಪು ಅಂತಲೇ ಈಗಲೂ ನನ್ನ ನಂಬಿಕೆ. ಆದರೆ ಆ ನಿಯಮವನ್ನು ಪಾಲಿಸುತ್ತಿದ್ದ ರೀತಿ ನೋಡಬೇಕಿತ್ತು. ಯಾರಾದರೂ ಕೆಣಕಿದರೆ ಕಣ್ಣು ಕೆಂಪಗಾಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಬಾಯಿಂದ ಮಾತ್ರ ಮಗು ಮಲಗಿಸುವ ದನಿಯಲ್ಲಿ, "ಗೂಡ್ ಬಿಡ್ಸಿದ್ ಮ್ಯಾಲೆ ಬಾ ಕನಪ್ಪ, ಮಾತಾಡ್ತೀನಿ" ಅನ್ನುವ ಮಾತು ಬರುತ್ತಿತ್ತು. ಆ ಮಾತು ಕೇಳಿದವರಿಗೆ ಬೈಗುಳಕ್ಕಿಂತ ಹೆಚ್ಚು ಭಯ. ಊರಿನಲ್ಲಿ ಅದು ಗಾದೆಯೇ ಆಗಿಹೋಗಿತ್ತು. ಹೆಣ್ಣು ನೋಡುವ ಶಾಸ್ತ್ರವನ್ನು ಮುಂದಕ್ಕೆ ಹಾಕಿದರೂ "ಗೂಡ್ ಬಿಡ್ಸಿದ್ ಮ್ಯಾಲೆ", ಪಂಚಾಯಿತಿಯ ನಲ್ಲಿ ರಿಪೇರಿ ಮುಂದಕ್ಕೆ ಹೋದರೂ "ಗೂಡ್ ಬಿಡ್ಸಿದ್ ಮ್ಯಾಲೆ".

ನನಗೂ ಒಂದು ಪಾಲು ಸಿಕ್ಕಿತ್ತು. ಯಾವುದೋ ಊರಿಂದ ನೋಡಲು ಬಂದವರನ್ನು ಜೀಪಿನಲ್ಲಿ ತುಂಬಿಕೊಂಡು, ಮೊದಲೇ ಹೇಳದೆ ಆಯಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬರು ಘಮ್ಮೆನ್ನುವ ಸೆಂಟು ಹಾಕಿದ್ದರು, ಇನ್ನೊಬ್ಬರ ತಲೆಯಲ್ಲಿ ಮಲ್ಲಿಗೆ ದಂಡೆ. ಆಯಮ್ಮ ಬಾಗಿಲಿಗೆ ಅಡ್ಡ ನಿಂತು, ಹಲ್ಲು ಕಾಣುವ ಹಾಗೆ ನಕ್ಕು, "ಗೂಡ್ ಬಿಡ್ಸಿದ್ ಮ್ಯಾಲೆ ಬನ್ನಿ ಸಾ" ಅಂದಳು. ನಾನು ಆಗ ಹೊಸಬ, ಊಟಕ್ಕೆ ಕರೆದಳು ಅಂದುಕೊಂಡೆ. ಗೂಡು ಮಾರಿದ ಮಾರನೆಯ ದಿನ ಹಸಿದ ಹೊಟ್ಟೆಯಲ್ಲಿ ಹೋದೆ. ಅಯ್ಯಪ್ಪಾ! ನನ್ನ ಸರ್ವಿಸ್ಸಿನಲ್ಲಿ ಯಾವ ಮೇಲಧಿಕಾರಿಯೂ ನನಗೆ ಅಷ್ಟು ಅಚ್ಚುಕಟ್ಟಾಗಿ ಮೆಮೊ ಕೊಟ್ಟಿಲ್ಲ. ಮುಗಿದ ಮೇಲೆ ಮುದ್ದೆ, ಉಪ್ಸಾರು ಬಡಿಸಿದಳು. ಅವತ್ತಿನಿಂದ ಆಯಮ್ಮನ ಬಾಗಿಲಲ್ಲಿ ನಾನೇ ಮೊದಲು ಬಾಯಿ ತೆರೆದು ತೋರಿಸುತ್ತಿದ್ದೆ, ಬೀಡಿ ಸೇದಿಲ್ಲ ಅನ್ನುವುದಕ್ಕೆ. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷ, ಅದು ನಿಜವಾದ ಮಾತು. ಆಯಮ್ಮ ಬಗ್ಗಿ ಮೂಗು ಹತ್ತಿರ ತಂದು ಮೂಸಿ ನೋಡಿ, "ಊಂ, ಒಳೀಕ್ ಬನ್ನಿ" ಅನ್ನುತ್ತಿದ್ದಳು. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಆಯಮ್ಮನಿಗೇ ಇತ್ತಂತೆ, ಹುಳಕ್ಕೋಸ್ಕರ ಬಿಟ್ಟಳಂತೆ. "ಗಂಡ ಏಳ್ದಾಗ ಬುಡ್ನಿಲ್ಲ ಸಾ, ಉಳ ಏಳ್ದೇನೇ ಬುಟ್ಟೆ" ಅಂತ ತಾನೇ ನಗುತ್ತಿದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ.

ಜಿಪುಣಿ. ಹುಳ ಇರುವಾಗ ಯಾರಿಗೂ ಒಂದು ಲೋಟ ಕಾಫಿ ಕೊಟ್ಟವಳಲ್ಲ. ಅನುಮಾನದವಳು. ನಾನು ಸೊಪ್ಪಿಗೆ ಸಿಂಪಡಿಸಲು ಏನಾದರೂ ಕೊಟ್ಟರೆ ಮೊದಲು ಒಂದು ತಟ್ಟೆ ಹುಳಕ್ಕೆ ಮಾತ್ರ ತಿನ್ನಿಸಿ ಮೂರು ಹೊತ್ತು ಕಾಯುತ್ತಿದ್ದಳು. ಇದೆಲ್ಲ ಹೇಳುತ್ತಿರುವುದು ಯಾಕೆಂದರೆ ಸತ್ತವರನ್ನು ದೇವರು ಮಾಡುವ ಚಟ ನಮ್ಮಲ್ಲಿ ಜಾಸ್ತಿ. ಆಯಮ್ಮ ದೇವರಲ್ಲ. ನನಗೆ ಬೇಕಾದವಳು, ಅಷ್ಟೇ.

ಮರಗಳ ವಿಷಯಕ್ಕೆ ಬರುತ್ತೇನೆ. ಮೊದಲು ಆಯಮ್ಮನ ಹಿಪ್ಪುನೇರಳೆ ಎಲ್ಲರ ಹಾಗೆ ಮೊಣಕಾಲೆತ್ತರದ ಗಿಡ, ಸಾಲು ಸಾಲು, ಬಾವಿ ನೀರು. ಬಾವಿ ಬತ್ತಿತು. ಅಶ್ವಿನಿ, ಭರಣಿ ಮಳೆ ಬರಬೇಕಾದ ಹೊತ್ತಿಗೆ ಬಾರದೆ, ಬೇಡದ ಹೊತ್ತಿಗೆ ಒಂದೇ ರಾತ್ರಿ ಸುರಿದು ಬದು ಕಿತ್ತುಕೊಂಡು ಹೋಗುವುದು ಶುರುವಾಯಿತು. ಗಿಡ ಒಣಗಿತು. ಆಗ ಇಲಾಖೆಯವರು ನಾವು ಮರಕಡ್ಡಿ ಅಂತ ಹೇಳುತ್ತ ಊರೂರು ತಿರುಗುತ್ತಿದ್ದೆವು. ಹಿಪ್ಪುನೇರಳೆಯನ್ನು ಪೊದೆ ಮಾಡದೆ ಮರವಾಗಿ ಬಿಡಿ, ಬೇರು ಆಳಕ್ಕೆ ಹೋಗುತ್ತದೆ, ಮಳೆ ತಡವಾದರೂ ಸೊಪ್ಪು ಸಿಗುತ್ತದೆ, ಜೊತೆಗೆ ಬದುವಿನಲ್ಲಿ ಹೊಂಗೆ ಹಾಕಿ ಅಂತ. ಆಯಮ್ಮ ಕೇಳಿದಳು. ತನ್ನ ಹೊಲದ ಪಡುವಣ ಬದುವಿನ ಉದ್ದಕ್ಕೂ ಹಿಪ್ಪುನೇರಳೆ, ನಡುನಡುವೆ ಹೊಂಗೆ ನೆಟ್ಟಳು. ದೂರದ ಬೋರ್‌ವೆಲ್ಲಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದಳು. ಬದುವಿನ ಈಚೆ ಆಯಮ್ಮನ ಹುಳದ ಮನೆ, ತಗಡಿನ ಮಾಡು. ಬದುವಿನ ಆಚೆ ಮೈದುನನ ಹೊಲ.

ಮರ ಬೆಳೆಯಿತು. ಮಧ್ಯಾಹ್ನ ಸೂರ್ಯ ಪಡುವಣಕ್ಕೆ ವಾಲಿದ ಮೇಲೆ ಆ ಮರಗಳ ನೆರಳು ತಗಡಿನ ಮೇಲೆ ಹಾಸಿಕೊಳ್ಳುತ್ತಿತ್ತು. ಈಚಿನ ಬೇಸಗೆಗಳು ಹೇಗಿವೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಕಾವು ಹೆಚ್ಚಾದರೆ ಹುಳ ಸೊಪ್ಪು ಬಿಟ್ಟು, ಮೆತ್ತಗಾಗಿ, ಸಪ್ಪೆ ರೋಗ ಬಂದು ಸಾಯುತ್ತದೆ. ಸುತ್ತಮುತ್ತಲ ಊರಿನಲ್ಲಿ ಬೇಸಗೆ ಹುಳವನ್ನೇ ಎಲ್ಲರೂ ಕೈಬಿಟ್ಟರು. ಆಯಮ್ಮ ಮಾತ್ರ ಆ ನೆರಳನ್ನು ನಂಬಿ ಬೇಸಗೆಯಲ್ಲೂ ಗೂಡು ತೆಗೆಯುತ್ತಿದ್ದಳು. ವರ್ಷವಿಡೀ ಬದುಕು ನಡೆಯುತ್ತಿದ್ದದ್ದು ಆ ಬೇಸಗೆ ಗೂಡಿನಿಂದಲೇ. ನೆರಳು ಹೋದರೆ ಹುಳ ಹೋಯಿತು, ಹುಳ ಹೋದರೆ ಆಯಮ್ಮನಿಗೆ ಉಳಿಯುವುದು ಕೂಲಿ.

ಆದರೆ ಸೂರ್ಯ ಬೆಳಿಗ್ಗೆಯೂ ಇರುತ್ತಾನಲ್ಲ. ಬೆಳಗಿನ ನೆರಳು ಆಚೆಗೆ, ಮೈದುನನ ಮುಸುಕಿನ ಜೋಳದ ಮೇಲೆ ಬೀಳುತ್ತಿತ್ತು. ಒಂದು ದಿನ ಅವನು ನನ್ನ ಬೈಕು ನಿಲ್ಲಿಸಿ ಹೊಲಕ್ಕೆ ಕರೆದುಕೊಂಡು ಹೋದ. ಬದುವಿನ ಪಕ್ಕದ ಸಾಲಿನಿಂದ ಒಂದು ಗಿಡ ಕಿತ್ತು ನನ್ನ ಕೈಗೆ ಕೊಟ್ಟ. ಕಡ್ಡಿಯ ಹಾಗಿತ್ತು, ತೆನೆಯೇ ಇಲ್ಲ.

"ನೋಡಿ ಸಾ. ಮರ ನೆಡಿ ನೆಡಿ ಅಂತ ಏಳ್ಕೊಟ್ರಿ. ನೆಳ್ಳು ಅತ್ಗೆಗೆ, ಸಪ್ಪೆ ದಂಟು ನಂಗೆ. ನಂಗಿರಾದೇ ಇಷ್ಟಗಲ ಒಲ. ಮಳೆ ಬ್ಯಾರೆ ಕೈ ಕೊಡ್ತದೆ. ನಾನೇನ್ ತಿನ್ಲಿ?"

'ಬದುವಿಗೊಂದು ಮರ, ಬಾಳಿಗೆ ನೆರಳು' ಅಂತ ನಾವು ಫ್ಲೆಕ್ಸ್ ಕಟ್ಟುತ್ತಿದ್ದೆವು. ನೆರಳು ಯಾರ ಕಡೆಗೆ ಬೀಳುತ್ತದೆ ಅಂತ ಅದರಲ್ಲಿ ಇರಲಿಲ್ಲ. ಮಧ್ಯಸ್ಥಿಕೆಗೆ ಹೋದೆ. ಹೊಂಗೆಯ ಕೊಂಬೆ ಸವರಿಸಮ್ಮ ಅಂದೆ. "ಸವ್ರಿದ್ರೆ ಬಿಸ್ಲು ಒಳೀಕೇ ಬತ್ತದೆ ಸಾ" ಅಂದಳು. ಒಂದೆರಡು ಕೊಂಬೆ ತೆಗೆಸಿದಳು, ಅವು ಮತ್ತೆ ಚಿಗುರಿದವು. ಕೊನೆಗೆ ಅವನು ಸರ್ವೆ ಮಾಡಿಸಿದ. ಬದು ಇಬ್ಬರಿಗೂ ಸೇರಿದ್ದು ಅಂತಾಯಿತು. ಮರ ನೆಟ್ಟವಳು ಅತ್ತಿಗೆಯಾದರೂ ನೆಲ ಅರ್ಧ ಅವನದು. ಅವನು ಸುಳ್ಳು ಹೇಳುವವನಲ್ಲ, ಕುಡಿಯುವವನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಅತ್ತಿಗೆಯ ಬಾಯಿಗೆ ಮಾತ್ರ ಸಾಯುವಷ್ಟು ಹೆದರುತ್ತಿದ್ದ.

ಆ ಹೆದರಿಕೆಗೆ ಅವನು ಕಂಡುಕೊಂಡ ಉಪಾಯ ಆ ಊರಿನವರಿಗೆ ಮಾತ್ರ ಹೊಳೆಯುವಂಥದ್ದು. ಬೇಸಗೆ ಹುಳ ನಾಲ್ಕನೇ ಜ್ವರ ಎದ್ದು, ಇನ್ನು ಗೂಡಿಗೆ ಹೋಗುವ ತನಕ ಬೆಂಕಿಯ ಹಾಗೆ ಸೊಪ್ಪು ತಿನ್ನುವ ದಿನಗಳು. ಆಯಮ್ಮ ಕೆಮ್ಮುವುದಕ್ಕೂ ಸೆರಗು ಅಡ್ಡ ಹಿಡಿಯುವ ದಿನಗಳು. ಆಗ ಆಳುಗಳನ್ನು ಕರೆದುಕೊಂಡು ಬಂದು ಮರಕ್ಕೆ ಕೊಡಲಿ ಹಾಕಿಸಿದ.

ಅವತ್ತು ನಾನು ಹುಳ ನೋಡಲು ಹೋಗಿದ್ದೆ. ಬೈಕು ನಿಲ್ಲಿಸಿದಾಗ ಏನೋ ವಿಚಿತ್ರ ಅನ್ನಿಸಿತು. ಮರ ಕಡಿಯುತ್ತಿದ್ದಾರೆ, ಸದ್ದೇ ಇಲ್ಲ. ಈಗಿನ ಕಾಲದಲ್ಲಿ ಯಾರು ಕೊಡಲಿಯಲ್ಲಿ ಕಡಿಯುತ್ತಾರೆ? ಮಿಷಿನ್ ಗರಗಸ ತಂದರೆ ಅರ್ಧ ದಿನದ ಕೆಲಸ. ಅವನು ಮಿಷಿನ್ ಬೇಡ ಅಂದಿದ್ದನಂತೆ, ಹುಳ ಇವೆ ಅಂತ! ಒಂದು ಏಟು ಹಾಕಿ ಸ್ವಲ್ಪ ನಿಲ್ಲುವುದು, ಆಮೇಲೆ ಕೈಗರಗಸ. ಮರ ದೊಪ್ಪನೆ ಬೀಳಬಾರದು ಅಂತ ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು ನಿಧಾನವಾಗಿ ಮಲಗಿಸುತ್ತಿದ್ದರು. ಆಳುಗಳು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಯಾರೋ ಒಬ್ಬ ಕೆಮ್ಮಿದ್ದಕ್ಕೆ ಮೈದುನನೇ, "ಲೇ, ಮೆಲ್ಲುಕ್ಕೆ ಕಣ್ಲಾ" ಅಂದ.

ನನಗೆ ತಲೆ ಕೆಟ್ಟುಹೋಯಿತು. "ಏನಯ್ಯಾ ಇದು ಅನ್ಯಾಯ!" ಅಂತ ಕೂಗಿದೆ.

ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ಆಯಮ್ಮ ಕೈಯೆತ್ತಿದಳು. "ಸಾ. ಉಳ ಅವೆ."

ಅಷ್ಟೇ. ಕಣ್ಣು ಕೆಂಪಾಗಿರಲಿಲ್ಲ, ನರ ಉಬ್ಬಿರಲಿಲ್ಲ. ನಾನು ಕಾದೆ, ಈಗ ಹೇಳುತ್ತಾಳೆ, ಗೂಡು ಬಿಡಿಸಿದ ಮೇಲೆ ಬಾ ಅಂತ. ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿಗೆ ಬಂದಳು. ಮಲಗಿದ ಹಿಪ್ಪುನೇರಳೆಯ ಕೊಂಬೆ ಮುಟ್ಟಿ ನೋಡಿ, ಮೈದುನನಿಗೆ ಅದೇ ಮೆಲುದನಿಯಲ್ಲಿ ಹೇಳಿದಳು. "ಸೊಪ್ಪು ಮಣ್ಗೆ ತಾಗ್ದಂಗೆ ಇಳ್ಸಪ್ಪ. ಗೋಣಿ ಹಾಸ್ಕೊ. ಬಾಡಾಕ್ ಮುಂಚೆ ಒಳೀಕ್ ತಂದ್ಕೊಡಿ, ಎರಡ್ ದಿನ ಆಯ್ತದೆ."

ಅವನು ಗೋಣಿ ಹಾಸಿದ. ಕೊಡಲಿ ಬಿಟ್ಟು ತಾನೇ ಸೊಪ್ಪಿನ ಕೊಂಬೆಗಳನ್ನು ಹೊತ್ತು ತಂದು ಬಾಗಿಲಲ್ಲಿ ಇಟ್ಟ. ಒಳಗೆ ಬರುವ ಮುಂಚೆ ಅಭ್ಯಾಸದಂತೆ ಬಾಯಿ ತೆರೆದು ನಿಂತ. ಆಯಮ್ಮ ಮೂಸಿ ನೋಡಲಿಲ್ಲ, ಕೊಂಬೆ ತೆಗೆದುಕೊಂಡು ಒಳಗೆ ಹೋದಳು. ನಾನೂ ಒಳಗೆ ಹೋಗಿ ನಿಂತೆ. ಕಡಿದ ಮರದ ಸೊಪ್ಪನ್ನು ಹುಳಗಳು ತಿನ್ನುತ್ತಿದ್ದವು, ಸೋನೆ ಮಳೆ ಹಿಡಿದ ಹಾಗೆ ಸದ್ದು. ಹೊರಗೆ ಒಂದೊಂದೇ ಮರ ಮಲಗುತ್ತಿತ್ತು, ತಗಡಿನ ಮೇಲೆ ಬಿಸಿಲು ಒಂದೊಂದೇ ಗೇಣು ಹತ್ತುತ್ತಿತ್ತು. ಆಯಮ್ಮ ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ನೇತುಹಾಕಿದಳು. ಅಲ್ಲಿ ನಿಲ್ಲಲಾರದೆ ನಾನು ಹೊರಟುಬಂದೆ.

ಆ ಸಲ ಹೇಗೋ ಗೂಡಾಯಿತು. ಕೊಳ್ಳೇಗಾಲದಲ್ಲಿ ಮಾರಿ ಸಂಜೆ ಬಸ್ಸಿಗೆ ಊರಿಗೆ ಬಂದಳು. ಊರಿಗೆ ಊರೇ ಜಗಲಿಯ ಮೇಲೆ ಕೂತಿತ್ತು. ಇಷ್ಟು ದೊಡ್ಡ ಬೈಗುಳ ಅವರು ಜನ್ಮದಲ್ಲಿ ಕೇಳಿರಲಿಲ್ಲ, ಕೇಳಲೇಬೇಕಿತ್ತು. ಮೈದುನ ಎಲ್ಲೂ ತಪ್ಪಿಸಿಕೊಂಡು ಹೋಗಿರಲಿಲ್ಲ. ಕ್ಷೌರ ಮಾಡಿಸಿಕೊಂಡು, ಒಗೆದ ಶರ್ಟು ಹಾಕಿಕೊಂಡು ತನ್ನ ಜಗಲಿಯ ಮೇಲೆ ಕೂತಿದ್ದನಂತೆ. ಆಯಮ್ಮ ಅವನ ಮುಂದೆಯೇ ಬಂದಳು. "ಊಟಾಯ್ತಾ?" ಅಂದಳು. ಮನೆಗೆ ಹೋಗಿ ಒಲೆ ಹಚ್ಚಿದಳು.

ಮಾರನೆಯ ದಿನವೂ ಬೈಗುಳ ಇಲ್ಲ, ಆ ವಾರವೂ ಇಲ್ಲ. ಮುಂದಿನ ಬೇಸಗೆಯಲ್ಲಿ ತಗಡು ಕಾದು ಹುಳವೆಲ್ಲ ಸಪ್ಪೆಯಾಗಿ ಹೋಯಿತು. ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿಸಿದವನು ನಾನೇ. ಆಮೇಲೆ ಆಯಮ್ಮ ಹುಳ ತರಲಿಲ್ಲ. ಕಬ್ಬಿನ ಹೊಲಗಳಿಗೆ ಕೂಲಿಗೆ ಹೋಗತೊಡಗಿದಳು. ಮೈದುನನಿಗಾದರೂ ಆ ಸಾಲು ದಕ್ಕಿತೆ? ಆ ವರ್ಷ ತೆನೆ ಕಟ್ಟುವ ಹೊತ್ತಿಗೆ ಮಳೆ ಹೋಯಿತು, ಬದುವಿನ ಸಾಲೂ ನಡುವಿನ ಸಾಲೂ ಒಟ್ಟಿಗೆ ಒಣಗಿದವು. ಇದರಲ್ಲಿ ನೀತಿ ಗೀತಿ ಹುಡುಕಬೇಡಿ. ನನಗೂ ಸಿಕ್ಕಿಲ್ಲ.

ಮನೆಯಲ್ಲಿ ಹುಳವಿಲ್ಲ, ಬಾಯಿ ಮುಚ್ಚಬೇಕಾದ ಕಾರಣವೂ ಇಲ್ಲ. ಬೇರೆ ಎಲ್ಲರನ್ನೂ ಮೊದಲಿನ ಹಾಗೆಯೇ ಬೈಯುತ್ತಿದ್ದಳು. ಕಂಡಕ್ಟರನನ್ನು, ನಲ್ಲಿ ನೀರು ಬಿಡುವವನನ್ನು, ಹಬ್ಬಕ್ಕೆ ಬಂದ ಅಳಿಯನನ್ನು, ತಡವಾಗಿ ಬಂದ ನನ್ನನ್ನು. ಮೈದುನನಿಗೆ ಮಾತ್ರ "ಊಟಾಯ್ತಾ, ಎಲ್ಲೋಗಿದ್ದಪ್ಪ, ಕಾಲುನೋವು ಎಂಗದೆ?" ಅಷ್ಟೇ. ಅವನು ಇಳಿದುಹೋದ.

ನಾನು ನಿವೃತ್ತನಾದ ಮೇಲೆ ಒಂದು ದಿನ ಕೊಳ್ಳೇಗಾಲದ ನಮ್ಮ ಮನೆಗೆ ಬಂದ. ಕುರ್ಚಿಯ ಮೇಲೆ ಕೂರಲಿಲ್ಲ. "ಸಾ, ನಿಮ್ ಮಾತು ಕೇಳ್ತದೆ ಅತ್ಗೆ. ಒಂದೇ ಒಂದ್ಸಲ ಬೈಯಾಕೇಳಿ ಸಾ. ತಲೆ ಎತ್ಕಂಡು ಓಡಾಡಕಾಯ್ತಿಲ್ಲ" ಅಂದ.

ಗಂಡಸೊಬ್ಬ ಬೈಸಿಕೊಳ್ಳುವುದಕ್ಕೆ ಶಿಫಾರಸು ಕೇಳಿಕೊಂಡು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಗು ಬರಲಿಲ್ಲ. ಅವನ ಜೊತೆ ಹೋದೆ.

ಆಯಮ್ಮ ಹಟ್ಟಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಿಸಿಲಿನಲ್ಲಿ ಬೆಂದು ಮುಖ ಕಪ್ಪಗಾಗಿತ್ತು, ಕೈ ಒರಟಾಗಿತ್ತು. ನನ್ನನ್ನು ನೋಡಿ, "ಬನ್ನಿ ಸಾ, ಈಗ್ ಗೊತ್ತಾಯ್ತಾ ದಾರಿ?" ಅಂದಳು. ಮೈದುನ ಎದುರಿಗೆ ನಿಂತ. ನಾನು ಏನು ಹೇಳಬೇಕು ಅಂತ ಯೋಚಿಸುವಷ್ಟರಲ್ಲಿ ಅವನೇ ಹೇಳಿದ. "ಅತ್ಗೆ, ಅಂಗಂಗೇ ಮನ್ಸಲ್ಲೇ ಮಡಿಕ್ಕೋಬೇಡ. ಎಷ್ಟ್ ಬೈತೀಯೋ ಬೈದ್ಬುಡು. ಕೂಗಾಡು. ಊರ್ನೇ ಕರೀತೀನಿ ಬೇಕಾರೆ."

ಆಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು.

"ಬೈದ್ರೆ ನಿಂಗೆ ಅಗುರಾಯ್ತದೆ ಕನಪ್ಪ. ಮರ ಓಯ್ತು, ಉಳ ಓಯ್ತು. ಅದ್ನೂ ನಿಂಗೇ ಕೊಟ್ಬುಟ್ರೆ ನಂತಾವ ಏನುಳೀತದೆ?"

ಅವನು ನಿಂತೇ ಇದ್ದ. ಆಯಮ್ಮ ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆಗೆ ಒತ್ತರಿಸಿ, "ಕಾಳು ತಕ್ಕೊಂಡೋಗು, ಸಾರಿಗಾಯ್ತದೆ" ಅಂದಳು.